ಮಸ್ಕತ್ತಿನಲ್ಲಿ ಸ್ಟವ್ ಪಿನ್ನು

ಮೂರು ಕಲ್ಲಿನ ಒಲೆಗೆ ಬಿಡಿಭಾಗ ಎಂಬುದಿಲ್ಲ. ಒಂದು ಕಲ್ಲು ಒಡೆದರೆ ಹಿತ್ತಲಿಗೆ ಹೋಗಿ ಇನ್ನೊಂದು ತಂದಿಟ್ಟರಾಯಿತು. ಮಣ್ಣಿನ ಒಲೆ ಬಿರುಕು ಬಿಟ್ಟರೆ ಸಗಣಿ, ಮಣ್ಣು ಕಲಸಿ ಮೆತ್ತಿದರಾಯಿತು. ಒಲೆಯ ಒಂದು ಭಾಗವನ್ನು ಅಂಗಡಿಯಿಂದಲೇ ತರಬೇಕು ಎಂಬ ಕಾಲ ಬಂದದ್ದು ಸೀಮೆಎಣ್ಣೆಯ ಜೊತೆಗೆ. ಒಮಾನಿನಲ್ಲಿ ಆ ಕಾಲ ಬಹಳ ಚಿಕ್ಕದು. ಸೌದೆಯಿಂದ ಹೊರಟ ಅಡುಗೆಮನೆ ಗ್ಯಾಸಿನವರೆಗೆ ಹೆಚ್ಚುಕಡಿಮೆ ಒಂದು ತಲೆಮಾರಿನಲ್ಲಿ ನಡೆದು ಬಂದಿದೆ. ನಡುವಿನ ಸೀಮೆಎಣ್ಣೆ ಒಲೆಯ ಬಗ್ಗೆ ಇಲ್ಲಿನ ಚರಿತ್ರೆಯ ಪುಸ್ತಕಗಳಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಕೋಟೆ, ಹಡಗು, ಸುಲ್ತಾನರ ವಂಶಾವಳಿ ಎಲ್ಲ ಇವೆ. ಒಲೆಗೆ ವಾಷರು ಎಲ್ಲಿಂದ ಬರುತ್ತಿತ್ತು ಎಂದು ಯಾರೂ ಬರೆದಿಟ್ಟಿಲ್ಲ. ಮಸ್ಕತ್ತಿನಲ್ಲಿ ಬಹಳ ವರ್ಷ ಬಾಳಿದ ನನಗೆ ಹಳೆಯ ಸ್ಟವ್‌ಗಳ ಹುಚ್ಚು ಹಿಡಿದ ಮೇಲೆ, ಈ ದೇಶಕ್ಕೂ ನಮ್ಮ ಕರಾವಳಿಗೂ ಇರುವ ನಂಟನ್ನು ಆ ವಾಷರಿನ ತೂತಿನಿಂದಲೇ ನೋಡಬಹುದೇನೋ ಅನ್ನಿಸತೊಡಗಿತು.

ಮೊದಲು ಸೌದೆಯ ವಿಷಯ. ಒಮಾನಿನ ಹಳ್ಳಿಗಳಲ್ಲಿ ಉರಿಸುತ್ತಿದ್ದದ್ದು ಸಮರ್ ಎಂಬ ಮುಳ್ಳಿನ ಮರ, ಅದು ನಮ್ಮ ಜಾಲಿಯ ಬಳಗದ್ದು. ಜೊತೆಗೆ ಖರ್ಜೂರದ ಒಣಗರಿ. ಮರಳುಗಾಡಿನ ಅಂಚಿನಲ್ಲಿ ಘಾಫ್ ಮರವೂ ಉಂಟು. ಘಾಫ್ ಬೇರೆ ಯಾವುದೂ ಅಲ್ಲ, ವಿಜಯದಶಮಿಗೆ ನಾವು ಎಲೆ ಹಂಚುವ ಬನ್ನಿ. ಇಲ್ಲಿಯವರು ಅದರ ನೆರಳನ್ನೂ ಮೇವನ್ನೂ ಬೆಲೆಯಿಟ್ಟು ನೋಡುವವರು, ಸುಲಭಕ್ಕೆ ಕಡಿಯುವುದಿಲ್ಲ. ಈದ್ ಹಬ್ಬದ ಶುವಾ ಎಂಬ ಮಾಂಸದಡುಗೆಗೆ ನೆಲದಲ್ಲಿ ಗುಂಡಿ ತೋಡಿ, ಕೆಂಡ ಮಾಡಿ, ಮಸಾಲೆ ಹಚ್ಚಿದ ಮಾಂಸವನ್ನು ಎಲೆಯಲ್ಲಿ ಸುತ್ತಿ ಹೆಣೆದ ಚೀಲದಲ್ಲಿಟ್ಟು ಮುಚ್ಚಿಬಿಡುತ್ತಾರೆ. ಒಂದು ದಿನವೋ ಎರಡು ದಿನವೋ ಬಿಟ್ಟು ತೆಗೆಯುತ್ತಾರೆ. ಇಂದಿಗೂ ಹಾಗೆಯೇ. ಮನೆಯಲ್ಲಿ ಐದು ಬರ್ನರಿನ ಗ್ಯಾಸ್ ಒಲೆ ಇರುವವರೂ ಹಬ್ಬಕ್ಕೆ ಗುಂಡಿಗೇ ಹೋಗುತ್ತಾರೆ.

ಇಂಥ ಒಲೆಗಳ ಮೇಲೆ ಬೇಯುತ್ತಿದ್ದ ಅಕ್ಕಿಯಲ್ಲಿ ದೊಡ್ಡ ಪಾಲು ನಮ್ಮದು. ಬಸರೂರು, ಮಂಗಳೂರು, ಹೊನ್ನಾವರ, ಭಟ್ಕಳಗಳಿಂದ ಮಸ್ಕತ್ತಿಗೆ ಅಕ್ಕಿ ಹೋಗುತ್ತಿತ್ತು, ಅಲ್ಲಿಂದ ಖರ್ಜೂರ, ಕುದುರೆ ಬರುತ್ತಿದ್ದವು. ಈ ವ್ಯಾಪಾರಕ್ಕೆ ಪೋರ್ಚುಗೀಸರು ಅಡ್ಡಗಾಲು ಹಾಕಿದ ಸಿಟ್ಟಿಗೆ ಅರಬರು 1695ರಲ್ಲಿ ಮಂಗಳೂರಿಗೆ ಬೆಂಕಿ ಇಟ್ಟರು. 1780ರ ದಶಕದಲ್ಲಿ ಟಿಪ್ಪು ಸುಲ್ತಾನ ಮಸ್ಕತ್ತಿನಲ್ಲಿ ತನ್ನದೇ ವ್ಯಾಪಾರದ ಕೋಠಿ ತೆರೆದ. ಅಂದರೆ ಸ್ಟವ್ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ, ಅಡುಗೆಗೆ ಬೇಕಾದದ್ದನ್ನು ಭಾರತದ ಪಡುವಣ ಕರಾವಳಿಯಿಂದ ತರಿಸುವ ದಾರಿ ಸವೆದು ನುಣುಪಾಗಿತ್ತು. ಮುಂದೆ ಪಿನ್ನು, ವಾಷರು ಬಂದದ್ದೂ ಇದೇ ನೀರಿನ ಮೇಲೆ.

ಇನ್ನು ಸ್ಟವ್. 1892ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ಎಂಬ ಕಾರ್ಖಾನೆ ಮೆಕ್ಯಾನಿಕ್ ಮಸಿ ಹಿಡಿಯದ ಸೀಮೆಎಣ್ಣೆ ಒಲೆಯೊಂದನ್ನು ಮಾಡಿದ. ಅದುವರೆಗಿನ ಒಲೆಗಳಲ್ಲಿ ಬತ್ತಿ ಎಣ್ಣೆಯನ್ನು ಹೀರಿ ಉರಿಯುತ್ತಿತ್ತು, ಪಾತ್ರೆಯ ತಳ ಕಪ್ಪಾಗುತ್ತಿತ್ತು. ಲಿಂಡ್‌ಕ್ವಿಸ್ಟನ ಒಲೆಯಲ್ಲಿ ಬತ್ತಿಯೇ ಇಲ್ಲ. ಹಿತ್ತಾಳೆ ಟ್ಯಾಂಕಿನೊಳಗೆ ಪಂಪಿನಿಂದ ಗಾಳಿ ತುಂಬಿದರೆ ಎಣ್ಣೆ ಮೇಲೇರುತ್ತದೆ. ಮೊದಲೇ ಸ್ಪಿರಿಟ್ ಉರಿಸಿ ಕಾಯಿಸಿದ ಬರ್ನರಿನ ಕೊಳವೆಯಲ್ಲಿ ಅದು ಆವಿಯಾಗುತ್ತದೆ. ನಿಪ್ಪಲಿನ ಸಣ್ಣ ತೂತಿನಿಂದ ಭುಸ್ಸೆಂದು ಹೊರಬಿದ್ದು ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತದೆ. ಒಮ್ಮೆ ಹತ್ತಿಕೊಂಡರೆ ತನ್ನ ಉರಿಯಿಂದಲೇ ತನ್ನ ಎಣ್ಣೆಯನ್ನು ಕಾಯಿಸಿಕೊಳ್ಳುತ್ತದೆ. ಇದಕ್ಕೆ ಪ್ರೈಮಸ್ ಎಂದು ಹೆಸರಿಟ್ಟರು. ಅಮುಂಡ್‌ಸೆನ್ 1911ರಲ್ಲಿ ದಕ್ಷಿಣ ಧ್ರುವಕ್ಕೆ ಹೋದಾಗ ಜೊತೆಗಿದ್ದದ್ದು ಪ್ರೈಮಸ್, 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿಯ ತಂಡದ ಜೊತೆ ಎವರೆಸ್ಟ್ ಏರಿದ್ದೂ ಅದೇ. ನಮ್ಮ ಮನೆಗಳಲ್ಲಿ ಅದು 'ಪಂಪ್ ಸ್ಟವ್' ಎಂಬ ಹೆಸರಿನಲ್ಲಿ ಉಪ್ಪಿಟ್ಟು ಮಾಡಿತು.

ಎಣ್ಣೆಗೆ ನಾವು ಕೊಟ್ಟ ಹೆಸರುಗಳೇ ಒಂದು ಭೂಪಟ. ಮೈಸೂರು ಕಡೆ ಸೀಮೆಎಣ್ಣೆ, ಅಂದರೆ ಹೊರದೇಶದ ಎಣ್ಣೆ. ನಮ್ಮ ಕರಾವಳಿಯಲ್ಲಿ ಚಿಮಣಿ ಎಣ್ಣೆ. ಬೆಳಗಾವಿಯತ್ತ ಗ್ಯಾಸಲೇಟ ಎಣ್ಣಿ. ಸ್ಟವ್‌ಗೂ ಹೀಗೆಯೇ ಊರಿಗೊಂದು ಹೆಸರು. ಈಜಿಪ್ಟಿನ ಅರಬ್ಬಿಯಲ್ಲಿ ಅದು 'ವಾಬೂರ್', ಆವಿ ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಕುವೈತ್, ಬಹ್ರೇನ್ ಕಡೆಯ ಕೊಲ್ಲಿ ಅರಬ್ಬಿಯಲ್ಲಿ ಮಾತ್ರ ಅದು 'ಚೋಲಾ'. ಹಿಂದಿಯ ಚೂಲ್ಹಾ! ಅರಬ್ಬಿ ಲಿಪಿಯಲ್ಲಿ ಚ ಅಕ್ಷರವೇ ಇಲ್ಲ. ಅದಕ್ಕಾಗಿ ಫಾರಸಿಯ ಅಕ್ಷರವನ್ನು ಎರವಲು ತಂದು ಈ ಪದವನ್ನು ಬರೆಯುತ್ತಾರೆ. ಸ್ವೀಡನ್ನಿನಲ್ಲಿ ಹುಟ್ಟಿದ ಯಂತ್ರಕ್ಕೆ ಕೊಲ್ಲಿಯವರು ಮುಂಬಯಿಯ ಹೆಸರಿಟ್ಟರು ಎಂದರೆ ಅದು ಯಾರ ಕೈಯಿಂದ ಅವರಿಗೆ ತಲುಪಿತು ಎಂದು ಬೇರೆ ಹೇಳಬೇಕಿಲ್ಲ. ಭಾಷಾಶಾಸ್ತ್ರಜ್ಞರು ಒಪ್ಪಲಿ ಬಿಡಲಿ, ನನಗೆ ಇದು ಸುಂಕದ ಕಟ್ಟೆಯ ಲೆಕ್ಕಪುಸ್ತಕಕ್ಕಿಂತ ಗಟ್ಟಿ ಸಾಕ್ಷಿ.

ಆ ಕೈಗಳ ಬಗ್ಗೆ ಲಿಖಿತ ಚರಿತ್ರೆಯೂ ಇದೆ. ಕಚ್ಛಿನ ಭಾಟಿಯಾ ವರ್ತಕರು ಮಸ್ಕತ್ತಿನಲ್ಲಿ ಹಲವು ತಲೆಮಾರುಗಳಿಂದ ಇದ್ದವರು. ಖೀಮ್‌ಜಿ ರಾಮದಾಸ್ ಅಂಗಡಿ ಶುರುವಾದದ್ದು 1870ರಲ್ಲಿ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗುಗಳು 1862ರಿಂದ ಮುಂಬಯಿ, ಕರಾಚಿ, ಮಸ್ಕತ್, ಬಸ್ರಾ ಹೀಗೆ ಟಪಾಲು ಹೊತ್ತು ತಿರುಗುತ್ತಿದ್ದವು. 1864ರಲ್ಲಿ ಮಸ್ಕತ್ತಿನಲ್ಲಿ ತೆರೆದ ಅಂಚೆ ಕಚೇರಿ 1947ರವರೆಗೂ ಭಾರತದ ಅಂಚೆ ಇಲಾಖೆಯದೇ. ಚಲಾವಣೆಯಲ್ಲಿದ್ದದ್ದು ರೂಪಾಯಿ, 1959ರಿಂದ ನಮ್ಮ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ರೂಪಾಯಿ ನೋಟು ಅಚ್ಚು ಹಾಕಿತು, ಒಮಾನ್ ಅದನ್ನು ಬಿಟ್ಟು ತನ್ನ ರಿಯಾಲಿಗೆ ಹೋದದ್ದು 1970ರಲ್ಲಿ. ಹಡಗು ನಮ್ಮದು, ರೊಕ್ಕ ನಮ್ಮದು, ಅಂಗಡಿಯವನ ಮಾತು ಕಚ್ಛಿ ಅಥವಾ ಹಿಂದುಸ್ತಾನಿ. ಇಷ್ಟೆಲ್ಲ ಇರುವಾಗ ಸ್ಟವ್ ಪಿನ್ನು ಮಾತ್ರ ಸ್ಟಾಕ್‌ಹೋಮಿನಿಂದ ನೇರವಾಗಿ ಬರುವುದುಂಟೇ?

ಪಿನ್ನಿನ ವಿಷಯಕ್ಕೆ ಬಂದೆ, ಸ್ವಲ್ಪ ನಿಲ್ಲುತ್ತೇನೆ. ಇಂದಿನ ಮಕ್ಕಳಿಗೆ ಅದನ್ನು ವರ್ಣಿಸಿಯೇ ತಿಳಿಸಬೇಕು. ಬೆರಳುದ್ದದ ತಗಡಿನ ಪಟ್ಟಿ, ಅದರ ತುದಿಯಲ್ಲಿ ಕೂದಲಿನಂಥ ಉಕ್ಕಿನ ತಂತಿ. ನಿಪ್ಪಲಿನ ತೂತು ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು, ಎಣ್ಣೆ ಸುಟ್ಟ ಕರಿ ಅದರಲ್ಲಿ ಕಟ್ಟಿಕೊಂಡರೆ ಉರಿ ಓರೆಯಾಗುತ್ತದೆ, ಕೆಂಪಾಗುತ್ತದೆ, ಆರುತ್ತದೆ. ಆಗ ಪಿನ್ನಿನಿಂದ ಚುಚ್ಚಬೇಕು. ಜೋರಾಗಿ ಚುಚ್ಚಿದರೆ ತಂತಿ ಮುರಿದು ತೂತಿನಲ್ಲೇ ಉಳಿಯುತ್ತದೆ. ಹಳೆಯ ಪಿನ್ನಿಗೆ ಬದಲಾಗಿ ಹೊಲಿಗೆ ಸೂಜಿ ಹಾಕಿದರೆ ತೂತು ಅಗಲವಾಗಿ ಒಲೆ ಹಳದಿಯಾಗಿ ಹೊಗೆಯಾಡುತ್ತದೆ. ನಮ್ಮೂರ ಜಿನಸಿ ಅಂಗಡಿಗಳಲ್ಲಿ ಪಿನ್ನುಗಳು ರಟ್ಟಿಗೆ ಚುಚ್ಚಿಕೊಂಡು ಬೆಂಕಿಪೊಟ್ಟಣದ ಪಕ್ಕ ತೂಗುತ್ತಿದ್ದವು. ಬೆಲೆ ಏನೂ ಅಲ್ಲ. ಆದರೆ ಅದಿಲ್ಲದ ದಿನ ಮನೆಯಲ್ಲಿ ಗಂಜಿಯೂ ಇಲ್ಲ.

ಉಳಿದ ಭಾಗಗಳು ಇಷ್ಟು: ಪಂಪಿನ ತುದಿಯ ಚರ್ಮದ ವಾಷರು, ಬಟ್ಟಲಿನಾಕಾರದ್ದು. ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ಪುಟ್ಟ ವಾಲ್ವು, ಅದರೊಳಗೊಂದು ಬೂಚಿನ ಚೂರು. ಬರ್ನರು ಮತ್ತು ಟ್ಯಾಂಕು ಕೂಡುವಲ್ಲಿ ಸೀಸದ ವಾಷರು. ಎಣ್ಣೆ ಹಾಕುವ ಮುಚ್ಚಳದ ವಾಷರು. ಇವುಗಳಲ್ಲಿ ಕೊಲ್ಲಿಯ ಹವೆಗೆ ಮೊದಲು ಸೋಲುವುದು ಚರ್ಮ. ಬೇಸಿಗೆಯಲ್ಲಿ ನಲವತ್ತೈದು ಡಿಗ್ರಿಯ ಒಣ ಬಿಸಿಗೆ ಅದು ಸೊರಗಿ ಸಿಪ್ಪೆಯಾಗುತ್ತದೆ, ಪಂಪು ಎಷ್ಟು ಒತ್ತಿದರೂ ಗಾಳಿ ಹಿಡಿಯುವುದಿಲ್ಲ. ನಮ್ಮ ಕಡೆಯ ಹೆಂಗಸರಿಗೆ ಇದರ ಮದ್ದು ಗೊತ್ತಿತ್ತು: ವಾಷರನ್ನು ಬಿಚ್ಚಿ ಒಂದು ರಾತ್ರಿ ತೆಂಗಿನೆಣ್ಣೆಯಲ್ಲಿ ನೆನೆಹಾಕಿ, ಬೆರಳಿನಿಂದ ಅಂಚನ್ನು ಹೊರಕ್ಕೆ ಬಿಡಿಸಿ ಹಾಕುವುದು. 1970ರ ದಶಕದಲ್ಲಿ ಇಲ್ಲಿಗೆ ಬಂದ ಹಿರಿಯರೊಬ್ಬರು ತಮ್ಮ ಟ್ರಂಕಿನಲ್ಲಿದ್ದ ಸಾಮಾನು ಹೇಳುವಾಗ ಉಪ್ಪಿನಕಾಯಿ ಭರಣಿ, ಕುಚ್ಚಲಕ್ಕಿಯ ನಂತರ ಮೂರನೆಯದಾಗಿ ಹೇಳುವುದು 'ಒಂದು ಡಜನ್ ಪಿನ್ನು, ಎರಡು ವಾಷರು'. ಒಂದು ಕೋಣೆಯಲ್ಲಿ ಆರು ಜನ, ಒಂದೇ ಸ್ಟವ್, ಅಡುಗೆ ಸರದಿಯ ಮೇಲೆ. ಅನ್ನ ಅರ್ಧ ಬೆಂದಾಗ ಒಲೆ ಕಟ್ಟಿಕೊಂಡರೆ ಅಂದಿನ ಸರದಿಯವನಿಗೆ ಸಿಗುತ್ತಿದ್ದ ಬೈಗುಳವನ್ನು ಅವರು ತುಳುವಿನಲ್ಲಿಯೇ ಹೇಳುತ್ತಾರೆ, ಇಲ್ಲಿ ಬರೆಯುವಂತಿಲ್ಲ.

ಅದೇ 1970ರ ಹೊತ್ತಿಗೆ ಒಮಾನ್ ಹೇಗಿತ್ತು ಎಂಬುದು ಓದುಗರಿಗೆ ತಿಳಿದಿರಬೇಕು. ಇಡೀ ದೇಶದಲ್ಲಿ ಡಾಂಬರು ರಸ್ತೆ ಸುಮಾರು 10 ಕಿಲೋಮೀಟರು. ಶಾಲೆಗಳು ಮೂರು. ಎಣ್ಣೆಯ ರಫ್ತು 1967ರ ಜುಲೈ ತಿಂಗಳಲ್ಲೇ ಶುರುವಾಗಿದ್ದರೂ ಅದರ ಬೆಳಕು ಮನೆಗಳಿಗೆ ತಲುಪಿರಲಿಲ್ಲ. ಸುಲ್ತಾನ್ ಸಯೀದ್ ಬಿನ್ ತೈಮೂರರ ಆಳ್ವಿಕೆಯಲ್ಲಿ ಮಸ್ಕತ್ ಪಟ್ಟಣದ ಬಾಗಿಲುಗಳನ್ನು ಸೂರ್ಯ ಮುಳುಗಿದ ಮೂರು ಗಂಟೆಗೆ ತೋಪು ಹಾರಿಸಿ ಮುಚ್ಚುತ್ತಿದ್ದರು. ಆಮೇಲೆ ಹೊರಗೆ ಓಡಾಡುವವರು ಕೈಯಲ್ಲಿ ಲಾಟೀನು ಹಿಡಿದಿರಲೇಬೇಕು, ಬ್ಯಾಟರಿ ಹಾಕಿದರೆ ಒಪ್ಪುತ್ತಿರಲಿಲ್ಲ. ಲಾಟೀನೆಂದರೆ ಮತ್ತೆ ಬತ್ತಿ, ಮತ್ತೆ ಗಾಜಿನ ಬುರುಡೆ. ಅಂದರೆ ಬಿಡಿಭಾಗವೊಂದು ಕಾನೂನಿನ ಅಗತ್ಯವೇ ಆಗಿತ್ತು: ಬುರುಡೆ ಒಡೆದು ಬೇರೆ ಸಿಗದಿದ್ದರೆ ರಾತ್ರಿ ಮನೆಯಲ್ಲೇ ಕೂರಬೇಕು. ಮತ್ರಾದ ಸೂಕಿನಲ್ಲಿ ಬತ್ತಿ ಮೊಳದ ಲೆಕ್ಕದಲ್ಲಿ ಮಾರಿದ ವರ್ತಕ ಆ ಕಾಲದ ಪೊಲೀಸರಿಗೆ ಎಷ್ಟು ಬೇಕಾದವನಾಗಿದ್ದನೋ!

ಕೆಟ್ಟ ಸ್ಟವನ್ನು ಸರಿಮಾಡುವ ಕೈಗಳು ಒಮಾನಿನಲ್ಲೇ ಇದ್ದವು ಎಂಬುದನ್ನೂ ಹೇಳಬೇಕು. ನಿಜ್ವಾ ಪಟ್ಟಣ ತಾಮ್ರ ಮತ್ತು ಬೆಳ್ಳಿಯ ಕೆಲಸಕ್ಕೆ ಹೆಸರಾದದ್ದು. ಕಾಫಿಯ ದಲ್ಲಾ ಪಾತ್ರೆಯ ಮೂತಿ ಕೂಡಿಸುವ, ಪಾತ್ರೆಗಳಿಗೆ ಕಲಾಯಿ ಹಾಕುವ ಕುಶಲಿಗಳು ಅಲ್ಲಿದ್ದರು. (ಕಲಾಯಿ ಎಂಬ ನಮ್ಮ ಮಾತೇ ತವರ ಎಂಬ ಅರ್ಥದ ಅರಬ್ಬಿ ಮಾತಿನಿಂದ ಬಂದದ್ದು, ನಾವೂ ಇವರಿಂದ ಕಡ ತಂದಿದ್ದೇವೆ.) ಹಿತ್ತಾಳೆ ಟ್ಯಾಂಕಿನ ಬಿರುಕಿಗೆ ಬೆಸುಗೆ ಹಾಕುವುದು ಅವರ ಕೈಗೆ ದೊಡ್ಡ ಕೆಲಸವೇ ಅಲ್ಲ. ಆದರೆ ಮೂರನೇ ಒಂದು ಮಿಲಿಮೀಟರಿನ ತೂತು ಕೊರೆದು ನಿಪ್ಪಲು ಮಾಡುವುದು ಸುತ್ತಿಗೆಯ ಕೆಲಸವಲ್ಲ, ಕಾರ್ಖಾನೆಯದು. ಒಲೆಯ ಮೈ ಕೆಟ್ಟರೆ ಊರಿನಲ್ಲೇ ರಿಪೇರಿ, ಉಸಿರು ಕಟ್ಟಿದರೆ ಹಡಗಿಗೆ ಕಾಯುವುದು ಎಂಬಂತಾಯಿತು.

ಭಾರತದಲ್ಲಿ ಈ ಕಾರ್ಖಾನೆಗಳು ಬೆಳೆದ ಬಗೆ ಬೇರೆ. ಸ್ವೀಡನ್ನಿನಲ್ಲೇ ಪ್ರೈಮಸ್ಸಿಗೆ ಆಪ್ಟಿಮಸ್, ರೇಡಿಯಸ್, ಸ್ವೇಯಾ ಎಂಬ ಪೈಪೋಟಿಗಾರರಿದ್ದರು, ಪೋರ್ಚುಗಲ್ಲಿನಲ್ಲಿ ಹಿಪೊಲಿಟೊ ಎಂಬುದೊಂದು. ಎಲ್ಲರೂ ಹೆಚ್ಚುಕಡಿಮೆ ಒಂದೇ ಅಳತೆಯನ್ನು ನಕಲು ಮಾಡಿದ್ದರಿಂದ ಒಬ್ಬರ ನಿಪ್ಪಲು ಇನ್ನೊಬ್ಬರ ಬರ್ನರಿಗೆ ಬಹಳ ಸಲ ಕೂರುತ್ತಿತ್ತು. ಭಾರತದ ಕಾರ್ಖಾನೆಗಳೂ ಅದೇ ಥ್ರೆಡ್ಡು ಹಿಡಿದವು, ಸರ್ಕಾರ ಪಂಪ್ ಸ್ಟವ್‌ಗೆಂದೇ ಐಎಸ್ 1342 ಎಂಬ ಮಾನಕ ತಂದಿತು. ಇದೊಂದು ದೊಡ್ಡ ಉಪಕಾರ. ಯಾರೋ ಒಬ್ಬ ಎಂಜಿನಿಯರ್ ತನ್ನ ಅಳತೆಯನ್ನು ಗುಟ್ಟಾಗಿಟ್ಟು ಬೇರೆಯವರದ್ದು ಹೊಂದದಂತೆ ಮಾಡಿದ್ದರೆ ಬಡವರ ಒಲೆಗಳು ಹತ್ತು ವರ್ಷಕ್ಕೇ ಗುಜರಿಗೆ ಹೋಗುತ್ತಿದ್ದವು. ಸ್ಟವ್ ರಿಪೇರಿ ಎಂದು ಕೂಗುತ್ತಾ ಬೀದಿ ಸುತ್ತುವವನ ಒಂದೇ ಚೀಲದಲ್ಲಿ ಎಲ್ಲ ಕಂಪನಿಗಳ ಒಲೆಗೂ ಮದ್ದಿತ್ತು.

ಈ ಒಲೆಯ ಹೆಸರಿಗೆ ಅಂಟಿದ ಕಲೆಯೊಂದನ್ನು ಬಿಟ್ಟು ಮುಂದೆ ಹೋಗಲಾರೆ. 'ಸ್ಟವ್ ಸಿಡಿದು ಗೃಹಿಣಿ ಸಾವು' ಎಂಬ ನಾಲ್ಕು ಪದಗಳ ಸುದ್ದಿ 1970 ಮತ್ತು 80ರ ದಶಕಗಳ ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಕೊಲ್ಲಿಗೆ ಗಂಡ ಹೋಗಿದ್ದ ಮನೆಗಳಿಂದಲೂ ಬರುತ್ತಿತ್ತು. ವಾಷರು ಸವೆದು, ಬೆಸುಗೆ ಬಿಟ್ಟು, ಸೀಮೆಎಣ್ಣೆಗೆ ಪೆಟ್ರೋಲು ಬೆರೆತು ನಿಜವಾಗಿಯೂ ನಡೆದ ಅವಘಡಗಳಿವೆ. ಆದರೆ ಯಾವಾಗಲೂ ಸೊಸೆಯೇ ಒಲೆಯ ಬಳಿ ಇರುವುದು, ಅತ್ತೆಯ ಕೈಯಲ್ಲಿ ಒಮ್ಮೆಯೂ ಸಿಡಿಯದಿರುವುದು ಹೇಗೆ ಎಂದು ಮಹಿಳಾ ಸಂಘಟನೆಗಳು ಕೇಳಿದವು. 1983ರಲ್ಲಿ ದಂಡಸಂಹಿತೆಗೆ 498ಎ, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಮುಗಳು ಸೇರಿದವು. ಬೆಂಗಳೂರಿನ ವಿಮೋಚನಾ ಸಂಘಟನೆ 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಇಂಥ ಸಾವುಗಳ ಬೆನ್ನು ಹತ್ತಿತು. ಸ್ಟವ್ ಬಿಚ್ಚಿ ಜೋಡಿಸುವ ಅಭ್ಯಾಸವಿರುವ ಯಾರನ್ನಾದರೂ ಕೇಳಿ: ಸಿಡಿದ ಟ್ಯಾಂಕು ಸೀಳಿರಬೇಕು, ಬೆಸುಗೆ ಬಾಯಿ ಬಿಟ್ಟಿರಬೇಕು. ಗಟ್ಟಿಯಾಗಿ ನಿಂತಿರುವ ಸ್ಟವ್ ಸಿಡಿದದ್ದಲ್ಲ. ಒಂದು ಯಂತ್ರದ ಮೇಲೆ ಇಷ್ಟು ಸುಳ್ಳು ಹೊರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

1970ರ ಜುಲೈ 23ರಂದು ಸುಲ್ತಾನ್ ಕಾಬೂಸ್ ಅಧಿಕಾರಕ್ಕೆ ಬಂದ ಮೇಲೆ ಒಮಾನಿನಲ್ಲಿ ಎಲ್ಲವೂ ಓಡತೊಡಗಿತು. ರಸ್ತೆ ಬಂತು, ರಸ್ತೆಯ ಹಿಂದೆ ಪಿಕಪ್ ಬಂತು, ಪಿಕಪ್ಪಿನ ಬೆನ್ನಲ್ಲಿ ಗ್ಯಾಸ್ ಸಿಲಿಂಡರು ಬಂತು. 1982ರಲ್ಲಿ ಮಿನಾ ಅಲ್ ಫಹಲ್‌ನಲ್ಲಿ ದೇಶದ ಮೊದಲ ತೈಲ ಶುದ್ಧೀಕರಣ ಘಟಕ ಕೆಲಸ ಆರಂಭಿಸಿತು. ಅದೇ 1982ರಲ್ಲಿ ಮುಂಬಯಿ-ಕೊಲ್ಲಿ ಸಾಲಿನ ಕೊನೆಯ ಪ್ರಯಾಣಿಕ ಹಡಗು 'ದ್ವಾರಕಾ' ನಿವೃತ್ತವಾಯಿತು. ಇದನ್ನು ಕಾಕತಾಳೀಯ ಎನ್ನಿ. ನನಗೆ ಮಾತ್ರ ಚೋಲಾದ ಕಾಲ ಮುಗಿದ ವರ್ಷವನ್ನು ಗುರುತು ಹಾಕು ಎಂದರೆ ಅದನ್ನೇ ಹಾಕುತ್ತೇನೆ. ಆಮೇಲೆ ಬಂದವರು ವಿಮಾನದಲ್ಲಿ ಬಂದರು, ಸೂಟ್‌ಕೇಸಿನಲ್ಲಿ ಪಿನ್ನು ತರಬೇಕಾದ ಕಾರಣವೇ ಇರಲಿಲ್ಲ.

ಊರಿನಲ್ಲಿ ಆ ಬದಲಾವಣೆ ನಿಧಾನವಾಗಿ ಆಯಿತು. ಅಡುಗೆ ಅನಿಲ ಮುಂಬಯಿಗೆ 1955ರಲ್ಲೇ ಬಂದಿದ್ದರೂ, 1965ರಲ್ಲಿ ಇಂಡೇನ್ ಶುರುವಾದರೂ, ರೇಷನ್ ಅಂಗಡಿಯ ಮುಂದೆ ಚಿಮಣಿ ಎಣ್ಣೆಯ ಕ್ಯಾನು ಹಿಡಿದ ಸಾಲು ಇನ್ನೂ ದಶಕಗಳ ಕಾಲ ನಿಂತಿತ್ತು. 1970ರ ದಶಕದ ಕೊನೆಗೆ ಇಂಡಿಯನ್ ಆಯಿಲ್‌ನವರ 'ನೂತನ್' ಬತ್ತಿ ಸ್ಟವ್ ಬಂದು ಎಣ್ಣೆ ಉಳಿಸುವ ಪಾಠ ಹೇಳಿತು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಸಾಲು ಕರಗಿತು. ಅದರ ಜೊತೆಗೆ ಪಿನ್ನಿನ ರಟ್ಟೂ ಅಂಗಡಿಯ ಮೊಳೆಯಿಂದ ಇಳಿಯಿತು. ಈಗ ಮಂಗಳೂರಿಗೆ ಹೋದಾಗ ಕೇಳಿದರೆ ಅಂಗಡಿಯ ಹುಡುಗ 'ಮೊಬೈಲಿನ ಸಿಮ್ ಪಿನ್ನಾ ಸಾರ್?' ಎನ್ನುತ್ತಾನೆ.

ಹಾಗಾದರೆ ಹಳೆಯ ಸ್ಟವ್ ಈಗ ಯಾರಿಗೆ ಬೇಕು? ಚಳಿಗಾಲದಲ್ಲಿ ಶರ್ಕಿಯಾ ಮರಳಿಗೆ ಡೇರೆ ಹೊತ್ತು ಹೋಗುವ ಒಮಾನಿ ಯುವಕರಲ್ಲಿ ಕೆಲವರಿಗೆ ಬೇಕು, ಅಜ್ಜನ ನೆನಪಿಗೆ ಒಮ್ಮೆ ಉರಿಸಿ ನೋಡಬೇಕೆನ್ನುವವರಿಗೆ ಬೇಕು, ನನ್ನಂಥ ಹುಚ್ಚರಿಗೆ ಬೇಕು. ಮತ್ರಾ ಸೂಕಿನ ಹಳೆಸಾಮಾನಿನ ಅಂಗಡಿಗಳಲ್ಲಿ ಖಂಜರ್, ಲಾಟೀನು, ಮರಿಯಾ ಥೆರೆಸಾ ಬೆಳ್ಳಿನಾಣ್ಯಗಳ ನಡುವೆ ಅಪರೂಪಕ್ಕೊಂದು ಹಿತ್ತಾಳೆ ಸ್ಟವ್ ಕಾಣುತ್ತದೆ. ಟ್ಯಾಂಕು ಇರುತ್ತದೆ, ಒಳಗಿನದ್ದು ಇರುವುದಿಲ್ಲ. ಕೊಳ್ಳುವವರಿಗೆ ಒಂದೆರಡು ಮಾತು. ಪ್ರೈಮಸ್ ಆದರೆ ಟ್ಯಾಂಕಿನ ಮೇಲೆ ಅಕ್ಷರವೊಂದು ಒತ್ತಿದೆಯೇ ನೋಡಿ. 1911ರಿಂದ ಅವರು ವರ್ಷಕ್ಕೊಂದು ಅಕ್ಷರ ಹಾಕುತ್ತಿದ್ದರು, 1911ಕ್ಕೆ ಎ. ನಿಪ್ಪಲಿಗೆ ಇಂಗ್ಲೆಂಡಿನ ಹವ್ಯಾಸಿಗಳ ಬಳಿ ಹೋಗುವ ಮುನ್ನ ಭಾರತದ್ದನ್ನು ಹಾಕಿ ನೋಡಿ, ಥ್ರೆಡ್ಡು ಹೆಚ್ಚಾಗಿ ಕೂರುತ್ತದೆ. ಕೈಯಿಂದ ತಿರುಗುವಷ್ಟೇ ತಿರುಗಿಸಿ. ಅಡ್ಡ ಕೂತರೆ ಬಲ ಹಾಕಬೇಡಿ, ಬರ್ನರು ಹೋದರೆ ಮತ್ತೆ ಸಿಗದು. ವಾಲ್ವಿನೊಳಗಿನ ಬೂಚಿಗೆ ಬದಲು ಎಣ್ಣೆಗೆ ಕರಗದ ಕಪ್ಪು ರಬ್ಬರು ಸಾಕು. ಟ್ಯಾಂಕನ್ನು ನೀರಿನಲ್ಲಿ ಮುಳುಗಿಸಿ ಪಂಪು ಮಾಡಿ, ಗುಳ್ಳೆ ಬಂದರೆ ಉರಿಸುವ ಮಾತೇ ಬೇಡ, ಗೂಡಿನಲ್ಲಿಟ್ಟು ನೋಡಿಕೊಂಡಿರಿ.

ಗ್ಯಾಸ್ ಒಲೆಗಳ ಕಥೆ ಇದಕ್ಕಿಂತ ಕಷ್ಟದ್ದು ಎಂಬುದು ವಿಚಿತ್ರ. ನೂರು ವರ್ಷದ ಪ್ರೈಮಸ್ಸಿಗೆ ನಿಪ್ಪಲು ಸಿಗುತ್ತದೆ, ಹನ್ನೆರಡು ವರ್ಷದ ಓವನ್ ಒಲೆಗೆ ಥರ್ಮೋಸ್ಟಾಟು ಸಿಗುವುದಿಲ್ಲ. ಮಾದರಿ ನಿಂತಿದೆ ಎಂದು ಅಂಗಡಿಯವರು ಹೊಸದನ್ನು ತೋರಿಸುತ್ತಾರೆ. ಇಲ್ಲಿಯೂ ಒಂದು ದಾರಿ ಇದೆ. ಒಲೆಯ ಕಂಪನಿಗಳು ವಾಲ್ವು, ಥರ್ಮೋಸ್ಟಾಟು, ಉರಿ ಆರಿದರೆ ಗ್ಯಾಸ್ ಕಡಿಯುವ ಥರ್ಮೋಕಪಲ್ ಇವನ್ನು ಹೆಚ್ಚಾಗಿ ತಾವೇ ಮಾಡುವುದಿಲ್ಲ, ಬೇರೆಯವರಿಂದ ಕೊಳ್ಳುತ್ತವೆ. ಆದ್ದರಿಂದ ಬಾಗಿಲಿನ ಮೇಲಿನ ಹೆಸರು ಬಿಟ್ಟು, ಭಾಗವನ್ನು ಬಿಚ್ಚಿ ಅದರ ಮೈಮೇಲಿನ ಅಂಕಿ ಓದಿ ಹುಡುಕಬೇಕು. ಜೆಟ್ಟಿನ ಮೇಲೆ ತೂತಿನ ಅಳತೆ ಕೆತ್ತಿರುತ್ತದೆ, ಅದನ್ನು ಎಂದೂ ಹೆಚ್ಚುಕಡಿಮೆ ಮಾಡಬಾರದು. ಊರಿನ ಒಲೆಯನ್ನು ಇಲ್ಲಿಗೆ, ಇಲ್ಲಿನದನ್ನು ಊರಿಗೆ ಸಾಗಿಸುವವರು ರೆಗ್ಯುಲೇಟರನ್ನು ಆಯಾ ದೇಶದಲ್ಲೇ ಕೊಳ್ಳಿ. ನಮ್ಮಲ್ಲಿ ಮನೆಯ ಒಲೆಗೆ ಗ್ಯಾಸಿನ ಒತ್ತಡ 30 ಮಿಲಿಬಾರಿನಷ್ಟು ಎಂದು ನಿಗದಿಯಾಗಿದೆ, ಎಲ್ಲ ಕಡೆಯೂ ಹಾಗಿಲ್ಲ.

ಇನ್ನು ಉಳಿದದ್ದು ಸೀಸದ ವಾಷರು. ಅದು ಭಾರತದಲ್ಲೂ ಸಿಗುವುದು ಕಷ್ಟವಾಗಿದೆ. ನಾನು ಮಾಡುವುದು ಹೀಗೆ: ಮೀನುಗಾರಿಕೆಯ ಸಾಮಾನು ಮಾರುವ ಅಂಗಡಿಯಿಂದ ಗಾಳದ ಸೀಸದ ಗುಂಡು ಒಂದು ತಂದು, ಸುತ್ತಿಗೆಯಲ್ಲಿ ನಾಣ್ಯದಷ್ಟು ತೆಳ್ಳಗೆ ಬಡಿದು, ನಡುವೆ ತೂತು ಕೊರೆದು, ಅಂಚು ಕತ್ತರಿಸಿ ಬರ್ನರಿನ ಬುಡದಲ್ಲಿ ಕೂರಿಸಿ ಬಿಗಿಯುತ್ತೇನೆ. ಸೀಸ ಮೆದು, ಬಿಗಿದಂತೆ ತಾನೇ ಸಂದು ತುಂಬಿಕೊಳ್ಳುತ್ತದೆ. ಕೆಲಸವಾದ ಮೇಲೆ ಕೈಯನ್ನು ಸಾಬೂನು ಹಾಕಿ ತೊಳೆಯಬೇಕು, ಅದೇ ಕೈಯಲ್ಲಿ ತಿಂಡಿ ಮುಟ್ಟಬಾರದು. ಒಂದು ಗುಂಡಿಗೆ ಮೂರು ವಾಷರು ಆಗುತ್ತವೆ.